ಕ್ಲೌಡ್ ಕೀಲಿ ಸೇವೆ ಮತ್ತು ಬ್ಲಾಕ್‌ಚೈನ್ ವಹಿವಾಟಿನ ಸಹಿ: ಭದ್ರತೆ ಹಾಗೂ ಹೊಣೆಗಾರಿಕೆ ಕುರಿತು ಒಂದು ವಿಶ್ಲೇಷಣೆ

ಪೀಠಿಕೆ

ಬ್ಲಾಕ್‌ಚೈನ್ ಆಧಾರಿತ ವ್ಯವಸ್ಥೆಗಳಲ್ಲಿ ಆಸ್ತಿಯ ಮೇಲಿನ ಅಧಿಕಾರವು ಖಾಸಗಿ ಕೀಲಿಯನ್ನು ಅವಲಂಬಿಸಿರುತ್ತದೆ. ಈ ಕೀಲಿಯು ಲೋಹದ ವಸ್ತುವಲ್ಲ; ಬಿಟ್‌ಕಾಯಿನ್ ಹಾಗೂ ಇಥೀರಿಯಂ ಜಾಲಗಳಲ್ಲಿ ಅದು 256 ಬಿಟ್‌ಗಳ ಒಂದು ಗುಪ್ತ ಸಂಖ್ಯೆಯಾಗಿರುತ್ತದೆ. ಆ ಸಂಖ್ಯೆಯ ಸಹಾಯದಿಂದ ಸಹಿ ಮಾಡಲಾದ ವಹಿವಾಟನ್ನು ಜಾಲವು ಸಿಂಧುವೆಂದು ಸ್ವೀಕರಿಸುತ್ತದೆ. ಸಹಿ ಮಾಡಿದವರು ಯಾರು, ಯಾವ ಉದ್ದೇಶದಿಂದ ಮಾಡಿದರು, ಒತ್ತಾಯದಿಂದ ಮಾಡಿದರೇ ಎಂಬುದನ್ನು ಜಾಲವು ವಿಚಾರಿಸುವುದಿಲ್ಲ. ಒಮ್ಮೆ ದಾಖಲಾದ ವಹಿವಾಟನ್ನು ರದ್ದುಪಡಿಸಲು ಬ್ಯಾಂಕಿನಲ್ಲಿರುವಂತಹ ಮೇಲ್ಮನವಿಯ ವ್ಯವಸ್ಥೆಯೂ ಅಲ್ಲಿ ಇರುವುದಿಲ್ಲ.

ಈ ಕಾರಣದಿಂದ ಖಾಸಗಿ ಕೀಲಿಯನ್ನು ಎಲ್ಲಿ ಮತ್ತು ಹೇಗೆ ಇರಿಸಬೇಕು ಎಂಬುದು ಮೊದಲಿನಿಂದಲೂ ಮಹತ್ವದ ಪ್ರಶ್ನೆಯಾಗಿದೆ. ಆರಂಭದ ವರ್ಷಗಳಲ್ಲಿ ಅನೇಕ ಸಂಸ್ಥೆಗಳು ಕೀಲಿಯನ್ನು ಸರ್ವರ್‌ನ ಕಡತವೊಂದರಲ್ಲಿಯೇ ಇರಿಸುತ್ತಿದ್ದವು. ಆ ಕಡತದ ಪ್ರತಿ ಯಾರ ಕೈಗೆ ಸೇರಿದರೂ ಆಸ್ತಿ ಅವರದಾಗುತ್ತಿತ್ತು. ಇದನ್ನು ತಪ್ಪಿಸಲು ಕೀಲಿಗಳನ್ನು ಕ್ಲೌಡ್ ಸಂಸ್ಥೆಗಳ ಕೀಲಿ ನಿರ್ವಹಣಾ ಸೇವೆಗೆ ಒಪ್ಪಿಸುವ ಕ್ರಮವು ಇತ್ತೀಚಿನ ವರ್ಷಗಳಲ್ಲಿ ರೂಢಿಗೆ ಬಂದಿದೆ. ಈ ಕ್ರಮದಿಂದ ಕೀಲಿ ಕಳವಾಗುವ ಸಂಭವವು ಗಣನೀಯವಾಗಿ ತಗ್ಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಆದಾಗ್ಯೂ, 2022ರಿಂದ 2025ರವರೆಗೆ ನಡೆದ ಪ್ರಮುಖ ಪ್ರಕರಣಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಹಲವು ಸಂದರ್ಭಗಳಲ್ಲಿ ಕೀಲಿಯು ತನ್ನ ಸ್ಥಳದಿಂದ ಕದಲದೆಯೇ ಹಣವು ಕೈತಪ್ಪಿರುವುದು ಕಂಡುಬರುತ್ತದೆ. ಕೀಲಿಯನ್ನು ಕದಿಯುವುದು ಒಂದು ಅಪಾಯ; ಕೀಲಿಯಿಂದ ತಪ್ಪು ವಹಿವಾಟಿಗೆ ಸಹಿ ಮಾಡಿಸಿಕೊಳ್ಳುವುದು ಮತ್ತೊಂದು ಅಪಾಯ. ಕ್ಲೌಡ್ ಕೀಲಿ ಸೇವೆಯು ಮೊದಲನೆಯದಕ್ಕೆ ಉತ್ತರವೇ ಹೊರತು ಎರಡನೆಯದಕ್ಕೆ ತಾನಾಗಿಯೇ ಉತ್ತರವಾಗುವುದಿಲ್ಲ. ಈ ವ್ಯತ್ಯಾಸವನ್ನು ಸಾರ್ವಜನಿಕರು ಹಾಗೂ ಸಂಸ್ಥೆಗಳು ಅರಿಯುವುದು ಅವಶ್ಯಕವಾಗಿರುವುದರಿಂದ ಅದರ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಕೀಲಿ ಸೇವೆ ಎಂದರೇನು?

ಕ್ಲೌಡ್ ಕೀಲಿ ಸೇವೆಯಲ್ಲಿ ಖಾಸಗಿ ಕೀಲಿಯು ಎಚ್.ಎಸ್.ಎಂ. ಎಂದು ಕರೆಯಲಾಗುವ ವಿಶೇಷ ಭದ್ರತಾ ಯಂತ್ರದೊಳಗೆ ಸೃಷ್ಟಿಯಾಗುತ್ತದೆ. ಈ ಯಂತ್ರವನ್ನು ಒಡೆದು ನೋಡಲು ಯತ್ನಿಸಿದರೆ ಒಳಗಿನ ಗುಪ್ತ ಮಾಹಿತಿ ನಾಶವಾಗುವಂತೆ ಅಥವಾ ಕೈಗೆ ಸಿಗದಂತೆ ಅದನ್ನು ವಿನ್ಯಾಸಗೊಳಿಸಲಾಗಿರುತ್ತದೆ. ಸೇವೆಯೊಳಗೇ ಸೃಷ್ಟಿಯಾದ ಖಾಸಗಿ ಕೀಲಿಯನ್ನು ಅದರ ಒಡೆಯರೂ ಹೊರತೆಗೆಯಲಾಗುವುದಿಲ್ಲ. ಹೊರಗೆ ದೊರೆಯುವುದು ಸಾರ್ವಜನಿಕ ಕೀಲಿ ಮತ್ತು ಕೋರಿದಾಗ ಮಾಡಿಕೊಡುವ ಸಹಿ ಮಾತ್ರ.

ಅಮೆಜಾನ್ ವೆಬ್ ಸರ್ವೀಸಸ್ ಸಂಸ್ಥೆಯು 2019ರ ನವೆಂಬರ್‌ನಲ್ಲಿ ತನ್ನ ಕೀಲಿ ಸೇವೆಯಲ್ಲಿ ಜೋಡಿ ಕೀಲಿಗಳ ಸೌಲಭ್ಯವನ್ನು ಒದಗಿಸಿತು. ಬಿಟ್‌ಕಾಯಿನ್ ಮತ್ತು ಇಥೀರಿಯಂ ಬಳಸುವ ಎಸ್.ಇ.ಸಿ.ಪಿ.256ಕೆ1 ಎಂಬ ವಕ್ರರೇಖೆಯ ಗಣಿತವೂ ಅದರಲ್ಲಿ ಸೇರಿತ್ತು. ಗೂಗಲ್ ಹಾಗೂ ಮೈಕ್ರೋಸಾಫ್ಟ್ ಸಂಸ್ಥೆಗಳ ಕ್ಲೌಡ್ ಸೇವೆಗಳಲ್ಲಿಯೂ ಇದೇ ಗಣಿತದ ಕೀಲಿಗಳನ್ನು ಸೃಷ್ಟಿಸಲು ಅವಕಾಶವಿದೆ. ಹೀಗಾಗಿ ದುಬಾರಿ ಯಂತ್ರಗಳನ್ನು ತಾನೇ ಖರೀದಿಸಿ ನಿರ್ವಹಿಸಲಾಗದ ಸಣ್ಣ ಸಂಸ್ಥೆಯೂ ಅದೇ ಮಟ್ಟದ ಯಂತ್ರದಲ್ಲಿ ಕೀಲಿಯನ್ನು ಇರಿಸಬಹುದಾಗಿದೆ.

ಸಹಿ ಮಾಡುವ ಕ್ರಮ

ಇಥೀರಿಯಂ ಜಾಲವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಕೀಲಿ ಸೇವೆಯ ಮೂಲಕ ಸಹಿ ಮಾಡುವ ಕಾರ್ಯವು ಈ ಕೆಳಕಂಡ ಹಂತಗಳಲ್ಲಿ ನಡೆಯುತ್ತದೆ.

1. ಸೇವೆಯಿಂದ ಸಾರ್ವಜನಿಕ ಕೀಲಿಯನ್ನು ಪಡೆದು, ಅದಕ್ಕೆ ಕೆಚಾಕ್-256 ಎಂಬ ಹ್ಯಾಷ್ ಕ್ರಿಯೆಯನ್ನು ಅನ್ವಯಿಸಿ, ಫಲಿತಾಂಶದ ಕೊನೆಯ 20 ಬೈಟ್‌ಗಳನ್ನು ವಿಳಾಸವಾಗಿ ಬಳಸಲಾಗುತ್ತದೆ.

2. ಸಂಸ್ಥೆಯ ತಂತ್ರಾಂಶವು ವಹಿವಾಟನ್ನು ಸಿದ್ಧಪಡಿಸುತ್ತದೆ. ಹಣ ಪಡೆಯುವವರ ವಿಳಾಸ, ಮೊತ್ತ, ವಹಿವಾಟಿನ ಕ್ರಮಸಂಖ್ಯೆ, ಶುಲ್ಕದ ಮಿತಿ, ಜಾಲದ ಗುರುತಿನ ಸಂಖ್ಯೆ ಮತ್ತು ಅಗತ್ಯವಿದ್ದಲ್ಲಿ ಸ್ವಯಂಚಾಲಿತ ಒಪ್ಪಂದಕ್ಕೆ ನೀಡಬೇಕಾದ ಆದೇಶ ಅದರಲ್ಲಿರುತ್ತವೆ.

3. ಸಿದ್ಧಪಡಿಸಿದ ವಹಿವಾಟಿಗೆ ಮತ್ತೆ ಕೆಚಾಕ್-256 ಅನ್ವಯಿಸಿದಾಗ 32 ಬೈಟ್‌ಗಳ ಸಂಕ್ಷಿಪ್ತ ಸಂಖ್ಯೆ, ಅಂದರೆ ಹ್ಯಾಷ್ ದೊರೆಯುತ್ತದೆ.

4. ಈ ಹ್ಯಾಷ್ ಅನ್ನು ಕೀಲಿ ಸೇವೆಗೆ ಕಳುಹಿಸಲಾಗುತ್ತದೆ. ಕೋರಿಕೆ ಸಲ್ಲಿಸಿದ ಖಾತೆಗೆ ಸಹಿ ಮಾಡಿಸಿಕೊಳ್ಳುವ ಅನುಮತಿ ಇದೆಯೇ ಎಂಬುದನ್ನು ಸೇವೆಯು ಪರಿಶೀಲಿಸಿ, ಇದ್ದಲ್ಲಿ ಸಹಿಯನ್ನು ಹಿಂದಿರುಗಿಸುತ್ತದೆ.

5. ದೊರೆತ ಸಹಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎರಡನೆಯ ಸಂಖ್ಯೆಯು ನಿಗದಿತ ಮಿತಿಯ ಅರ್ಧಕ್ಕಿಂತ ಹೆಚ್ಚಾಗಿದ್ದರೆ, ಅದನ್ನು ಮಿತಿಯಿಂದ ಕಳೆದು ಸಣ್ಣ ರೂಪಕ್ಕೆ ತರಬೇಕಾಗುತ್ತದೆ. 2016ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೋಮ್‌ಸ್ಟೆಡ್ ಪರಿಷ್ಕರಣೆಯಿಂದ ಇಥೀರಿಯಂ ಜಾಲವು ದೊಡ್ಡ ರೂಪವನ್ನು ಸ್ವೀಕರಿಸುವುದಿಲ್ಲ. ಸಹಿಯಿಂದ ವಿಳಾಸವನ್ನು ಗುರುತಿಸಲು ಬೇಕಾದ ಮತ್ತೊಂದು ಚಿಕ್ಕ ಅಂಕಿಯನ್ನು ಕೀಲಿ ಸೇವೆಯು ನೀಡುವುದಿಲ್ಲವಾದ್ದರಿಂದ, ಸಾಧ್ಯವಿರುವ ಮೌಲ್ಯಗಳನ್ನು ಪರೀಕ್ಷಿಸಿ ಸರಿಯಾದುದನ್ನು ತಂತ್ರಾಂಶವೇ ಕಂಡುಕೊಳ್ಳುತ್ತದೆ.

6. ಪೂರ್ಣಗೊಂಡ ವಹಿವಾಟನ್ನು ಜಾಲಕ್ಕೆ ಕಳುಹಿಸಲಾಗುತ್ತದೆ.

ಮೇಲಿನ ನಾಲ್ಕನೆಯ ಹಂತವು ವಿಶೇಷವಾಗಿ ಗಮನಾರ್ಹವಾದುದು. ಕೀಲಿ ಸೇವೆಗೆ ತಲುಪುವುದು 32 ಬೈಟ್‌ಗಳ ಹ್ಯಾಷ್ ಮಾತ್ರ. ಆ ಹ್ಯಾಷ್‌ನ ಹಿಂದಿರುವುದು 100 ರೂಪಾಯಿ ಮೌಲ್ಯದ ಪಾವತಿಯೋ, ಸಂಸ್ಥೆಯ ಸಮಸ್ತ ಆಸ್ತಿಯ ವರ್ಗಾವಣೆಯೋ ಎಂಬುದು ಆ ಸೇವೆಗೆ ತಿಳಿಯುವ ಸಾಧ್ಯತೆಯೇ ಇಲ್ಲ. ಹಣ ಪಡೆಯುವವರ ವಿಳಾಸವೂ ಮೊತ್ತವೂ ಅದಕ್ಕೆ ಕಾಣುವುದಿಲ್ಲ. ಕೋರಿಕೆ ಸಲ್ಲಿಸಿದವರಿಗೆ ಅನುಮತಿ ಇದೆಯೇ ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುತ್ತದೆ.

ಕಚೇರಿಯೊಂದರ ಮೊಹರನ್ನು ಕಬ್ಬಿಣದ ಬೀರುವಿನಲ್ಲಿ ಇರಿಸಿ ಬೀಗ ಹಾಕಲಾಗಿದೆ ಎಂದು ಭಾವಿಸಬಹುದು. ಆ ಮೊಹರನ್ನು ಯಾರೂ ಹೊರಗೆ ಒಯ್ಯಲಾರರು. ಆದರೆ ಗುರುತಿನ ಚೀಟಿ ತೋರಿಸಿದವರು ಮಡಿಚಿ ತಂದ ಯಾವುದೇ ಕಾಗದಕ್ಕೆ, ಒಳಗೆ ಬರೆದಿರುವುದನ್ನು ಓದದೆ ಮೊಹರು ಒತ್ತಿಕೊಡಬೇಕೆಂದು ಬೀರುವಿನ ಕಾವಲುಗಾರನಿಗೆ ಸೂಚಿಸಲಾಗಿದ್ದರೆ, ಮೊಹರಿನ ಭದ್ರತೆಯು ವಾಸ್ತವದಲ್ಲಿ ಗುರುತಿನ ಚೀಟಿಯ ಭದ್ರತೆಯಷ್ಟೇ ಆಗಿರುತ್ತದೆ. ಕ್ಲೌಡ್ ಕೀಲಿ ಸೇವೆಯ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ.

ಇತ್ತೀಚಿನ ಪ್ರಕರಣಗಳಿಂದ ತಿಳಿದುಬರುವ ಅಂಶಗಳು

ಈ ಕೆಳಗೆ ವಿವರಿಸಲಾದ ಪ್ರಕರಣಗಳೆಲ್ಲವೂ ಕ್ಲೌಡ್ ಕೀಲಿ ಸೇವೆಗೆ ನೇರವಾಗಿ ಸಂಬಂಧಿಸಿದವುಗಳಲ್ಲ. ಕೆಲವೆಡೆ ಕೀಲಿಗಳು ಅಧಿಕಾರಿಗಳ ಕೈಯಲ್ಲಿದ್ದ ಪ್ರತ್ಯೇಕ ಸಾಧನಗಳಲ್ಲಿದ್ದವು. ಆದರೂ ಕೀಲಿಯ ಭದ್ರತೆ ಹಾಗೂ ಸಹಿಯ ಭದ್ರತೆಯ ನಡುವಣ ಅಂತರವನ್ನು ಇವು ಸ್ಪಷ್ಟಪಡಿಸುತ್ತವೆ.

ಅ) ತೋರಿಸಿದ್ದು ಒಂದು, ಸಹಿ ಮಾಡಿದ್ದು ಮತ್ತೊಂದು: 2025ರ ಫೆಬ್ರವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಇಥರ್ ಅಪಹರಣವಾಯಿತು. ಒಬ್ಬರ ಸಹಿ ಸಾಲದಂತೆ, ಹಲವರು ಸಹಿ ಮಾಡಿದರೆ ಮಾತ್ರ ಹಣ ಹೊರಡುವ ವ್ಯವಸ್ಥೆ ಅಲ್ಲಿತ್ತು. ಸಹಿ ಮಾಡುವವರ ಕೀಲಿಗಳು ಪ್ರತ್ಯೇಕ ಸಾಧನಗಳಲ್ಲಿದ್ದವು. ದಾಳಿಕಾರರು ಆ ಕೀಲಿಗಳ ತಂಟೆಗೆ ಹೋಗಲಿಲ್ಲ. ವಹಿವಾಟನ್ನು ಪರದೆಯ ಮೇಲೆ ತೋರಿಸುವ ಸೇಫ್ ಎಂಬ ಸೇವೆಯ ತಂತ್ರಜ್ಞರೊಬ್ಬರ ಕಂಪ್ಯೂಟರನ್ನು ವಶಪಡಿಸಿಕೊಂಡು, ಅದರಿಂದ ದೊರೆತ ಕ್ಲೌಡ್ ಪ್ರವೇಶದ ಗುರುತನ್ನು ಬಳಸಿ, ಕ್ಲೌಡ್ ಸಂಗ್ರಹದಲ್ಲಿದ್ದ ಜಾಲಪುಟದ ತಂತ್ರಾಂಶವನ್ನು ಬದಲಾಯಿಸಿದರು. ಪರದೆಯಲ್ಲಿ ಎಂದಿನ ವರ್ಗಾವಣೆಯೇ ಕಾಣಿಸಿತು. ಸಾಧನಕ್ಕೆ ತಲುಪಿದ್ದು ಖಾತೆಯ ನಿಯಂತ್ರಣವನ್ನೇ ಬಿಟ್ಟುಕೊಡುವ ಆದೇಶ. ಅಧಿಕಾರವುಳ್ಳವರೇ ತಮ್ಮ ನಿಜವಾದ ಕೀಲಿಯಿಂದ ಸಹಿ ಮಾಡಿದರು. ಈ ಕೃತ್ಯವು ಉತ್ತರ ಕೊರಿಯಾದ ತಂಡದ್ದೆಂದು ಅಮೆರಿಕದ ಎಫ್.ಬಿ.ಐ. 2025ರ ಫೆಬ್ರವರಿ 26ರಂದು ಪ್ರಕಟಿಸಿತು.

ಆ) ಭಾರತದ ಬಳಕೆದಾರರ ಅನುಭವ: 2024ರ ಜುಲೈ 18ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರ್‌ಗೂ ಅಧಿಕ ಮೌಲ್ಯದ ಆಸ್ತಿ ಅಪಹರಣವಾಯಿತು. ಅಲ್ಲಿಯೂ ಆರು ಮಂದಿ ಸಹಿದಾರರ ವ್ಯವಸ್ಥೆಯಿತ್ತು. ಐವರು ಕೇಂದ್ರದ ಕಡೆಯವರು, ಒಬ್ಬರು ಆಸ್ತಿಪಾಲನಾ ಸೇವೆ ಒದಗಿಸುತ್ತಿದ್ದ ಸಂಸ್ಥೆಯ ಕಡೆಯವರು. ಪರದೆಯಲ್ಲಿ ಕಾಣಿಸಿದ ವಿವರಕ್ಕೂ ಸಹಿಯಾದ ವಿಷಯಕ್ಕೂ ತಾಳೆಯಿರಲಿಲ್ಲವೆಂದು ವಿನಿಮಯ ಕೇಂದ್ರವು ತಿಳಿಸಿತು. ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ 2025ರ ಜನವರಿ 14ರಂದು ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಈ ಕೃತ್ಯವನ್ನೂ ಉತ್ತರ ಕೊರಿಯಾಕ್ಕೆ ಆರೋಪಿಸಲಾಯಿತು. ಕೇಂದ್ರದಲ್ಲಿ ವಹಿವಾಟು ಪುನಃ ಆರಂಭವಾದದ್ದು ಸಿಂಗಪುರದ ನ್ಯಾಯಾಲಯದ ಅನುಮೋದನೆಯ ನಂತರ, 2025ರ ಅಕ್ಟೋಬರ್‌ನಲ್ಲಿ. ಕೆಲವೇ ನಿಮಿಷಗಳ ಸಹಿಯ ಪರಿಣಾಮವನ್ನು ಸಾಮಾನ್ಯ ಹೂಡಿಕೆದಾರರು 15 ತಿಂಗಳ ಕಾಲ ಅನುಭವಿಸಬೇಕಾಯಿತು.

ಇ) ಕೋರಿಕೆಯನ್ನೇ ತಿದ್ದಿದ ಪ್ರಕರಣ: 2024ರ ಮೇ 31ರಂದು ಜಪಾನಿನ ಡಿ.ಎಂ.ಎಂ. ಬಿಟ್‌ಕಾಯಿನ್ ಕೇಂದ್ರದಿಂದ 4,500ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳು, ಅಂದರೆ ಅಂದಿನ ದರದಲ್ಲಿ 30.8 ಕೋಟಿ ಡಾಲರ್ ಮೌಲ್ಯದ ಆಸ್ತಿ, ಕೈತಪ್ಪಿತು. ಉದ್ಯೋಗ ನೇಮಕಾತಿಯ ನೆಪದಲ್ಲಿ ವಾಲೆಟ್ ತಂತ್ರಾಂಶ ಸಂಸ್ಥೆಯ ಉದ್ಯೋಗಿಯೊಬ್ಬರನ್ನು ಸಂಪರ್ಕಿಸಿ, ಅವರ ಪ್ರವೇಶದ ಗುರುತನ್ನು ಕದ್ದು, ಆ ಮೂಲಕ ವಿನಿಮಯ ಕೇಂದ್ರದ ಸಿಬ್ಬಂದಿಯು ಸಲ್ಲಿಸಿದ ನೈಜ ವಹಿವಾಟಿನ ಕೋರಿಕೆಯನ್ನೇ ದಾಳಿಕಾರರು ತಿದ್ದಿದರೆಂದು ಎಫ್.ಬಿ.ಐ. 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವಿವರಗಳಿಂದ ತಿಳಿದುಬರುತ್ತದೆ.

ಈ) ಹಿಂಪಡೆಯದೆ ಉಳಿದ ಅನುಮತಿ: 2022ರ ಮಾರ್ಚ್‌ನಲ್ಲಿ ರೋನಿನ್ ಜಾಲದಿಂದ 1,73,600 ಇಥರ್ ಹಾಗೂ 2.55 ಕೋಟಿ ಡಾಲರ್ ನಾಣ್ಯಗಳು ಅಪಹರಣವಾದವು. ಒಂಬತ್ತು ಸಹಿಗಳಲ್ಲಿ ಐದು ಅಗತ್ಯವಿದ್ದವು. ನಾಲ್ಕು ಕೀಲಿಗಳು ಒಂದೇ ಸಂಸ್ಥೆಯ ಬಳಿ ಇದ್ದವು. ಐದನೆಯ ಸಹಿಯನ್ನು ಪಡೆಯಲು, ಕೆಲಸದ ಒತ್ತಡದ ಕಾರಣ 2021ರ ನವೆಂಬರ್‌ನಲ್ಲಿ ತಾತ್ಕಾಲಿಕವಾಗಿ ನೀಡಲಾಗಿದ್ದ ಅನುಮತಿಯೊಂದನ್ನು ದಾಳಿಕಾರರು ಬಳಸಿಕೊಂಡರು. ಆ ವ್ಯವಸ್ಥೆಯನ್ನು ಡಿಸೆಂಬರ್‌ನಲ್ಲಿ ನಿಲ್ಲಿಸಲಾಗಿತ್ತು. ಆದರೆ ಅನುಮತಿಯನ್ನು ಪಟ್ಟಿಯಿಂದ ತೆಗೆದುಹಾಕಿರಲಿಲ್ಲ. ಅಪಹರಣ ನಡೆದ ಆರು ದಿನಗಳ ನಂತರವಷ್ಟೇ ಅದು ಬೆಳಕಿಗೆ ಬಂದಿತು.

ಉ) ಒಬ್ಬರ ಹೆಸರಿನಲ್ಲಿದ್ದ ಕ್ಲೌಡ್ ಖಾತೆ: 2023ರಲ್ಲಿ ಮಲ್ಟಿಚೈನ್ ಎಂಬ ಸಂಸ್ಥೆಯ ಕೀಲಿಯ ಭಾಗಗಳನ್ನು ಹೊಂದಿದ್ದ ಸರ್ವರ್‌ಗಳು ಅದರ ಮುಖ್ಯಸ್ಥರ ವೈಯಕ್ತಿಕ ಕ್ಲೌಡ್ ಖಾತೆಯಲ್ಲಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಅವರನ್ನು ಚೀನಾದ ಪೊಲೀಸರು ವಶಕ್ಕೆ ಪಡೆದ ನಂತರ ಉಳಿದ ಸಿಬ್ಬಂದಿಗೆ ಪ್ರವೇಶವೇ ಇಲ್ಲದಾಯಿತು. ಜುಲೈನಲ್ಲಿ 10 ಕೋಟಿ ಡಾಲರ್‌ಗೂ ಅಧಿಕ ಮೌಲ್ಯದ ಆಸ್ತಿ ಅಪರಿಚಿತ ವಿಳಾಸಗಳಿಗೆ ಹೋಯಿತು ಮತ್ತು ಸಂಸ್ಥೆಯು ಕಾರ್ಯ ಸ್ಥಗಿತಗೊಳಿಸಿತು. ಕೀಲಿಯನ್ನು ಹಲವು ಭಾಗಗಳಾಗಿ ಹಂಚುವ ತಂತ್ರವು ಅಲ್ಲಿತ್ತಾದರೂ, ಎಲ್ಲ ಭಾಗಗಳೂ ಒಬ್ಬರ ಅಧೀನದಲ್ಲಿದ್ದುದರಿಂದ ಹಂಚಿಕೆಯು ಹೆಸರಿಗೆ ಮಾತ್ರ ಉಳಿಯಿತು.

ಊ) ಬೆಂಗಳೂರಿನಲ್ಲಿ ದಾಖಲಾದ ಪ್ರಕರಣ: 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಸಂಸ್ಥೆಯ ಆಂತರಿಕ ಕಾರ್ಯಾಚರಣೆಯ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್ ಅಪಹರಣವಾಯಿತು. ಸಂಸ್ಥೆಯ ದೂರಿನ ಮೇರೆಗೆ ಬೆಂಗಳೂರು ಪೊಲೀಸರು ತನಿಖೆ ಕೈಗೊಂಡರು. ಕಚೇರಿಯಿಂದ ನೀಡಲಾಗಿದ್ದ ಲ್ಯಾಪ್‌ಟಾಪ್ ಮೂಲಕ ದಾಳಿಕಾರರು ಒಳಪ್ರವೇಶ ಪಡೆದರೆಂಬುದು ದೂರಿನ ಸಾರ. ಗ್ರಾಹಕರ ಆಸ್ತಿ ಸುರಕ್ಷಿತವಾಗಿದೆ, ನಷ್ಟವನ್ನು ತನ್ನ ನಿಧಿಯಿಂದಲೇ ಭರಿಸಲಾಗುವುದು ಎಂದು ಸಂಸ್ಥೆಯು ಪ್ರಕಟಿಸಿತು.

ಮೇಲಿನ ಪ್ರಕರಣಗಳಲ್ಲಿ ಯಾವುದರಲ್ಲಿಯೂ ಗಣಿತವು ಸೋಲಲಿಲ್ಲ; ಡಿಜಿಟಲ್ ಸಹಿಯ ಸೂತ್ರವನ್ನು ಯಾರೂ ಭೇದಿಸಲಿಲ್ಲ. ಪರದೆ, ಪ್ರವೇಶದ ಗುರುತು, ಅನುಮತಿಯ ಪಟ್ಟಿ, ಖಾತೆಯ ಒಡೆತನ, ಸಿಬ್ಬಂದಿಯ ಲ್ಯಾಪ್‌ಟಾಪ್ ಇವೇ ದಾಳಿಯ ದ್ವಾರಗಳಾದವು. ಕ್ಲೌಡ್ ಕೀಲಿ ಸೇವೆಯನ್ನು ಬಳಸುವ ಸಂಸ್ಥೆಯಲ್ಲಿ ಈ ಐದೂ ದ್ವಾರಗಳು ಹಾಗೆಯೇ ಉಳಿದಿರುತ್ತವೆ ಎಂಬುದನ್ನು ಮರೆಯಲಾಗದು.

ಕಾನೂನಿನ ದೃಷ್ಟಿ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಡಿಜಿಟಲ್ ಸಹಿಗೆ ಭಾರತದಲ್ಲಿ ಮಾನ್ಯತೆ ನೀಡಿತು. ಅಧಿನಿಯಮದ 42ನೆಯ ಪ್ರಕರಣದ ಮೇರೆಗೆ, ಡಿಜಿಟಲ್ ಸಹಿ ಪ್ರಮಾಣಪತ್ರ ಪಡೆದವರು ತಮ್ಮ ಖಾಸಗಿ ಕೀಲಿಯ ನಿಯಂತ್ರಣವನ್ನು ಉಳಿಸಿಕೊಳ್ಳಲು ಯುಕ್ತ ಎಚ್ಚರಿಕೆ ವಹಿಸತಕ್ಕದ್ದು. 2008ರ ತಿದ್ದುಪಡಿಯ ನಂತರದ 15ನೆಯ ಪ್ರಕರಣವು, ಸಹಿ ಮಾಡುವ ಸಮಯದಲ್ಲಿ ಸಹಿ ಸೃಷ್ಟಿಸುವ ದತ್ತಾಂಶವು ಸಹಿದಾರರ ಅನನ್ಯ ನಿಯಂತ್ರಣದಲ್ಲಿ ಇರಬೇಕೆಂಬುದನ್ನು ಸುರಕ್ಷಿತ ಸಹಿಯ ಲಕ್ಷಣವೆಂದು ಹೇಳುತ್ತದೆ. ಕಾನೂನು ಒತ್ತು ನೀಡಿರುವುದು ಕೀಲಿ ಇರುವ ಸ್ಥಳಕ್ಕೆ ಅಲ್ಲ, ಅದರ ನಿಯಂತ್ರಣಕ್ಕೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಕೀಲಿಯನ್ನು ದೂರದ ಯಂತ್ರದಲ್ಲಿರಿಸಿ ಸಹಿ ಮಾಡುವ ಕ್ರಮವು ದೇಶಕ್ಕೆ ಹೊಸದೂ ಅಲ್ಲ. 2015ರಲ್ಲಿ ಜಾರಿಗೆ ಬಂದ ಇ-ಸೈನ್ ಸೇವೆಯಲ್ಲಿ ಸಹಿದಾರರ ಗುರುತು ದೃಢಪಟ್ಟ ನಂತರ ಎಚ್.ಎಸ್.ಎಂ. ಯಂತ್ರದೊಳಗೆ ಕೀಲಿಯು ಸೃಷ್ಟಿಯಾಗುತ್ತದೆ ಮತ್ತು ಸಹಿಯಾದ ಕೂಡಲೇ ನಾಶವಾಗುತ್ತದೆ. ಅಲ್ಲಿಯೂ ಸೇವೆಗೆ ತಲುಪುವುದು ದಾಖಲೆಯ ಹ್ಯಾಷ್ ಮಾತ್ರ. ಆದರೆ ಎರಡು ಮುಖ್ಯ ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಇ-ಸೈನ್ ಕೀಲಿಯ ಆಯುಷ್ಯ ಒಂದು ಸಹಿಯಷ್ಟೇ; ಬ್ಲಾಕ್‌ಚೈನ್ ವಿಳಾಸದ ಕೀಲಿಯು ವರ್ಷಗಟ್ಟಲೆ ಜೀವಂತವಾಗಿದ್ದು, ಪ್ರತಿ ಕ್ಷಣವೂ ಸಹಿ ಮಾಡಲು ಸಿದ್ಧವಾಗಿರುತ್ತದೆ. ಎರಡನೆಯದಾಗಿ, ಪ್ರಮಾಣಪತ್ರ ಆಧಾರಿತ ಸಹಿಯಲ್ಲಿ ಕೀಲಿಯ ಭದ್ರತೆಗೆ ಧಕ್ಕೆಯಾದರೆ ಪ್ರಮಾಣೀಕರಣ ಪ್ರಾಧಿಕಾರವು ಪ್ರಮಾಣಪತ್ರವನ್ನು ರದ್ದುಪಡಿಸಬಹುದು. ಸಾರ್ವಜನಿಕ ಬ್ಲಾಕ್‌ಚೈನ್ ವಿಳಾಸವನ್ನು ರದ್ದುಪಡಿಸುವ ಪ್ರಾಧಿಕಾರವೇ ಇಲ್ಲ. ತಪ್ಪನ್ನು ಸರಿಪಡಿಸಲು ಅವಕಾಶವಿಲ್ಲದ ಕಡೆ ತಪ್ಪಾಗುವ ಮುನ್ನವೇ ತಡೆಯಬೇಕಾಗುತ್ತದೆ.

ಕೇಂದ್ರ ಸರ್ಕಾರವು 2023ರ ಮಾರ್ಚ್ 7ರ ಅಧಿಸೂಚನೆಯ ಮೂಲಕ ವರ್ಚುವಲ್ ಡಿಜಿಟಲ್ ಆಸ್ತಿಗೆ ಸಂಬಂಧಿಸಿದ ಚಟುವಟಿಕೆಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಅಧಿನಿಯಮದ ವ್ಯಾಪ್ತಿಗೆ ತಂದಿತು. ಆಸ್ತಿಯನ್ನು ಕಾಪಾಡುವುದಷ್ಟೇ ಅಲ್ಲದೆ, ಆಸ್ತಿಯ ಮೇಲೆ ನಿಯಂತ್ರಣ ನೀಡುವ ಸಾಧನಗಳನ್ನು ಕಾಪಾಡುವುದು ಹಾಗೂ ನಿರ್ವಹಿಸುವುದು ಸಹ ಆ ಅಧಿಸೂಚನೆಯಲ್ಲಿ ಸೇರಿದೆ. ಅಂದರೆ ಇತರರ ಪರವಾಗಿ ಕೀಲಿ ಕಾಯುವ ವ್ಯವಹಾರವೂ ಕಾನೂನಿನ ದೃಷ್ಟಿಗೆ ಬಂದಿದೆ. ಇದಕ್ಕೂ ಮೊದಲು, 2022ರ ಏಪ್ರಿಲ್ 28ರಂದು ಸಿ.ಇ.ಆರ್.ಟಿ.-ಇನ್ ಹೊರಡಿಸಿದ ನಿರ್ದೇಶನಗಳಲ್ಲಿ, ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ಗಣಕ ವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕೆಂದೂ ಸೂಚಿಸಲಾಗಿದೆ.

ಸರ್ಕಾರಿ ದಾಖಲೆಗಳಿಗೂ ಅನ್ವಯಿಸುವ ಪ್ರಶ್ನೆ

ಈ ವಿಷಯವು ಹೂಡಿಕೆದಾರರಿಗೆ ಮಾತ್ರ ಸೀಮಿತವಾದುದಲ್ಲ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ತಂತ್ರಜ್ಞಾನದ ಉತ್ಕೃಷ್ಟತಾ ಕೇಂದ್ರವನ್ನು ಆರಂಭಿಸಿತು. ಕೇಂದ್ರದ ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024ರ ಸೆಪ್ಟೆಂಬರ್ 4ರಂದು ವಿಶ್ವಸ್ಯ ಎಂಬ ಬ್ಲಾಕ್‌ಚೈನ್ ವೇದಿಕೆಯನ್ನು ಲೋಕಾರ್ಪಣೆ ಮಾಡಿತು. ಇಂತಹ ವೇದಿಕೆಗಳಲ್ಲಿ ಸದಸ್ಯತ್ವವು ಅನುಮತಿಗೆ ಒಳಪಟ್ಟಿರುವುದರಿಂದ, ಸಾರ್ವಜನಿಕ ಜಾಲಗಳಲ್ಲಿ ಇಲ್ಲದ ನಿಯಂತ್ರಣವು ಇಲ್ಲಿ ಸಾಧ್ಯ. ಆದರೂ ಮೂಲ ಪ್ರಶ್ನೆ ಬದಲಾಗುವುದಿಲ್ಲ. ದಾಖಲೆಯನ್ನು ತಿದ್ದಲಾಗದು ಎಂಬುದು ಬ್ಲಾಕ್‌ಚೈನ್‌ನ ಗುಣ. ಮೊದಲ ಬಾರಿಗೆ ಬರೆಯುವಾಗಲೇ ಸುಳ್ಳನ್ನು ಬರೆದರೆ ಅದನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಅಂಕಪಟ್ಟಿಗೋ ಜಾತಿ ಪ್ರಮಾಣಪತ್ರಕ್ಕೋ ಸಂಸ್ಥೆಯ ಕೀಲಿಯಿಂದ ಸಹಿ ಮಾಡಿಸಿಕೊಳ್ಳುವ ಅನುಮತಿ ಯಾರ ಬಳಿ ಇದೆ ಎಂಬುದರ ಮೇಲೆಯೇ ಆ ದಾಖಲೆಯ ವಿಶ್ವಾಸಾರ್ಹತೆ ನಿಂತಿರುತ್ತದೆ.

ಸರ್ಕಾರಿ ಆಡಳಿತಕ್ಕೆ ಈ ತತ್ತ್ವವು ಅಪರಿಚಿತವಲ್ಲ. ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗಗಳನ್ನು ಹಾಕಿ, ಎರಡು ಕೀಲಿಗಳನ್ನು ಇಬ್ಬರು ಬೇರೆ ಬೇರೆ ಅಧಿಕಾರಿಗಳ ವಶದಲ್ಲಿಡುವ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಕೊಠಡಿಯ ಗೋಡೆ ಎಷ್ಟೇ ದಪ್ಪವಿದ್ದರೂ ಒಬ್ಬರೇ ಒಳಹೋಗಿ ಹೊರಬರುವಂತೆ ಇರಬಾರದೆಂಬುದು ಆ ಪದ್ಧತಿಯ ಹಿಂದಿನ ವಿವೇಕ. ಒಳಗೆ ಇಟ್ಟದ್ದೇನು, ಹೊರಗೆ ತೆಗೆದದ್ದೇನು ಎಂಬುದನ್ನು ಇಬ್ಬರೂ ಕಣ್ಣಾರೆ ಕಂಡು ವಹಿಯಲ್ಲಿ ನಮೂದಿಸುವುದರಿಂದಲೇ ಆ ಪದ್ಧತಿಗೆ ಬೆಲೆ ಬರುತ್ತದೆ.

ಸಂಸ್ಥೆಗಳು ಅನುಸರಿಸಬಹುದಾದ ಕ್ರಮಗಳು

1. ವಹಿವಾಟನ್ನು ಸಿದ್ಧಪಡಿಸುವ ತಂತ್ರಾಂಶಕ್ಕೆ ನೇರವಾಗಿ ಸಹಿಯ ಅನುಮತಿಯನ್ನು ನೀಡದಿರುವುದು ಸೂಕ್ತ. ಇವೆರಡರ ನಡುವೆ ಪ್ರತ್ಯೇಕ ಪರಿಶೀಲನಾ ಘಟಕವಿದ್ದು, ಅದು ಹ್ಯಾಷ್ ಅನ್ನು ಮಾತ್ರ ಪಡೆಯದೆ ಪೂರ್ಣ ವಹಿವಾಟನ್ನು ಪಡೆದು, ವಿಳಾಸ, ಮೊತ್ತ ಮತ್ತು ಆದೇಶವನ್ನು ಓದಿ, ನಿಯಮಗಳಿಗೆ ಹೊಂದಿದಲ್ಲಿ ಮಾತ್ರ ಹ್ಯಾಷ್ ಅನ್ನು ತಾನೇ ಲೆಕ್ಕ ಹಾಕಿ ಕೀಲಿ ಸೇವೆಗೆ ಸಲ್ಲಿಸಬೇಕು. ಸಹಿಯ ಅನುಮತಿಯು ಆ ಘಟಕಕ್ಕೆ ಮಾತ್ರ ಇರಬೇಕು.

2. ದಿನವೊಂದಕ್ಕೆ ಗರಿಷ್ಠ ಮೊತ್ತ, ಅನುಮೋದಿತ ವಿಳಾಸಗಳ ಪಟ್ಟಿ ಹಾಗೂ ಹೊಸ ವಿಳಾಸ ಸೇರಿಸಿದಾಗ ಕಡ್ಡಾಯ ಕಾಯುವ ಅವಧಿಯನ್ನು ನಿಗದಿಪಡಿಸುವುದು ಅಪೇಕ್ಷಣೀಯ. ಸಾಧ್ಯವಿದ್ದಲ್ಲಿ ಈ ಮಿತಿಗಳನ್ನು ಬ್ಲಾಕ್‌ಚೈನ್ ಮೇಲಿನ ಒಪ್ಪಂದದಲ್ಲಿಯೇ ಅಳವಡಿಸಿದರೆ, ಕ್ಲೌಡ್ ಖಾತೆ ಪರರ ವಶವಾದರೂ ನಷ್ಟವು ಮಿತಿ ಮೀರುವುದಿಲ್ಲ.

3. ಕೀಲಿಯ ಅನುಮತಿಯನ್ನು ಬದಲಾಯಿಸುವವರು ಮತ್ತು ಕೀಲಿಯಿಂದ ಸಹಿ ಮಾಡಿಸುವವರು ಬೇರೆ ಬೇರೆಯಾಗಿರಬೇಕು. ಅನುಮತಿ ಬದಲಾಯಿಸುವ ಅಧಿಕಾರವುಳ್ಳವರು ತಮಗೇ ಸಹಿಯ ಅನುಮತಿ ಕೊಟ್ಟುಕೊಳ್ಳಬಹುದಾದ್ದರಿಂದ, ಅಂತಹ ಪ್ರತಿಯೊಂದು ಬದಲಾವಣೆಯೂ ಎರಡನೆಯವರ ಒಪ್ಪಿಗೆಗೆ ಒಳಪಟ್ಟಿರುವುದು ಒಳಿತು.

4. ತಾತ್ಕಾಲಿಕ ಅನುಮತಿಗೆ ಮುಕ್ತಾಯದ ದಿನಾಂಕವನ್ನು ಆರಂಭದಲ್ಲಿಯೇ ನಿಗದಿಪಡಿಸತಕ್ಕದ್ದು. ಕೆಲಸ ಮುಗಿದ ನಂತರ ತೆಗೆದುಹಾಕುವುದಾಗಿ ಬಿಟ್ಟ ಅನುಮತಿಯ ಪರಿಣಾಮವನ್ನು ರೋನಿನ್ ಪ್ರಕರಣವು ತೋರಿಸಿಕೊಟ್ಟಿದೆ.

5. ಕ್ಲೌಡ್ ಖಾತೆಯು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಬೇಕು. ಸೇವೆಯೊಳಗೆ ಸೃಷ್ಟಿಯಾದ ಕೀಲಿಯನ್ನು ಹೊರತೆಗೆಯಲಾಗದು ಎಂಬ ಗುಣವೇ ಖಾತೆ ಕೈತಪ್ಪಿದ ದಿನ ತೊಡಕಾಗಿ ಪರಿಣಮಿಸುತ್ತದೆ. ಬೇರೆ ಸೇವೆಗೆ ಹೋಗಬೇಕಾದರೆ ಕೀಲಿಯನ್ನು ಒಯ್ಯಲಾಗುವುದಿಲ್ಲ. ಆಸ್ತಿಯನ್ನೇ ಹೊಸ ವಿಳಾಸಕ್ಕೆ ವರ್ಗಾಯಿಸಬೇಕಾಗುತ್ತದೆ. ಅದಕ್ಕಾಗಿ ಮುಂಚಿತವಾಗಿಯೇ ಪ್ರತ್ಯೇಕ ತುರ್ತು ವ್ಯವಸ್ಥೆಯನ್ನು ಮಾಡಿಕೊಂಡಿರಬೇಕು.

6. ಕೀಲಿಯನ್ನು ಅಳಿಸುವ ಕೋರಿಕೆಗೆ ಅಮೆಜಾನ್ ಸೇವೆಯಲ್ಲಿ 7ರಿಂದ 30 ದಿನಗಳ ಕಾಯುವ ಅವಧಿಯಿರುತ್ತದೆ. ಅಂತಹ ಕೋರಿಕೆ ಬಂದ ಕೂಡಲೇ ಒಬ್ಬರಿಗಿಂತ ಹೆಚ್ಚು ಅಧಿಕಾರಿಗಳಿಗೆ ಎಚ್ಚರಿಕೆಯ ಸಂದೇಶ ತಲುಪುವಂತೆ ವ್ಯವಸ್ಥೆ ಮಾಡಿದರೆ ಮಾತ್ರ ಆ ಅವಧಿಯಿಂದ ಪ್ರಯೋಜನವಾಗುತ್ತದೆ. ಅವಧಿ ಮುಗಿದ ನಂತರ ಕೀಲಿಯೂ ಇಲ್ಲ, ಆ ಕೀಲಿಯನ್ನು ಮಾತ್ರ ಅವಲಂಬಿಸಿದ ವಿಳಾಸದಲ್ಲಿನ ಆಸ್ತಿಯೂ ಕೈಗೆ ಸಿಗದು.

7. ಕೀಲಿ ಸೇವೆಯ ದಾಖಲೆಯಿಂದ ಯಾವ ಖಾತೆಯು ಯಾವಾಗ ಸಹಿ ಮಾಡಿಸಿಕೊಂಡಿತೆಂಬುದು ತಿಳಿಯುತ್ತದೆ. ವಹಿವಾಟಿನ ಅರ್ಥ ತಿಳಿಯುವುದಿಲ್ಲ. ಆದ್ದರಿಂದ ಪರಿಶೀಲನಾ ಘಟಕವು ತನ್ನದೇ ವಹಿಯನ್ನು ಇರಿಸಿಕೊಂಡು, ಸೇವೆಯ ದಾಖಲೆ, ಘಟಕದ ವಹಿ ಹಾಗೂ ಬ್ಲಾಕ್‌ಚೈನ್ ಮೇಲಿನ ವಹಿವಾಟು ಈ ಮೂರನ್ನೂ ಪ್ರತಿದಿನ ತಾಳೆ ನೋಡಬೇಕು. ಮೂರರಲ್ಲಿ ಒಂದು ಹೆಚ್ಚಾಗಿ ಕಂಡುಬಂದರೂ ಸಹಿಯನ್ನು ಕೂಡಲೇ ತಡೆಹಿಡಿಯುವುದು ಸೂಕ್ತ.

8. ದೊಡ್ಡ ಮೊತ್ತವನ್ನು ಒಂದೇ ಕ್ಲೌಡ್ ಕೀಲಿಯ ಅಧೀನದಲ್ಲಿ ಇರಿಸದೆ, ದಿನನಿತ್ಯದ ಪಾವತಿಗೆ ಬೇಕಾದಷ್ಟನ್ನು ಮಾತ್ರ ಅಲ್ಲಿರಿಸಿ, ಉಳಿದುದನ್ನು ಬೇರೆ ಬೇರೆ ವ್ಯಕ್ತಿಗಳ, ಬೇರೆ ಬೇರೆ ಸಾಧನಗಳ ಸಹಿಗೆ ಒಳಪಡಿಸುವುದು ಉತ್ತಮ. ಹಾಗೆ ಸಹಿ ಮಾಡುವವರು ಒಂದೇ ಪರದೆಯನ್ನು ನಂಬದೆ, ಪ್ರತ್ಯೇಕ ಕಂಪ್ಯೂಟರಿನಲ್ಲಿ ವಹಿವಾಟಿನ ವಿವರವನ್ನು ಲೆಕ್ಕ ಹಾಕಿ ತಾಳೆ ನೋಡಿದ ನಂತರವೇ ಸಹಿ ಮಾಡತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

ವಿನಿಮಯ ಕೇಂದ್ರದಲ್ಲಿ ಆಸ್ತಿಯನ್ನು ಇರಿಸಿದವರ ಬಳಿ ಸಾಮಾನ್ಯವಾಗಿ ಖಾಸಗಿ ಕೀಲಿ ಇರುವುದಿಲ್ಲ. ಕೀಲಿಯು ಕೇಂದ್ರದ ಬಳಿಯೋ ಅದು ನೇಮಿಸಿಕೊಂಡ ಆಸ್ತಿಪಾಲಕ ಸಂಸ್ಥೆಯ ಬಳಿಯೋ ಇರುತ್ತದೆ. ಆದ್ದರಿಂದ ಆಸ್ತಿ ಇರಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಹಿತಕರ. ಕೇಂದ್ರವು ಭಾರತದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವಾಗಿದೆಯೇ? ನಷ್ಟವಾದಲ್ಲಿ ಭರಿಸುವ ಹೊಣೆ ಯಾರದು? ಕೀಲಿಯನ್ನು ಬೇರೆ ಸಂಸ್ಥೆಗೆ ಒಪ್ಪಿಸಿದ್ದರೆ ಎರಡು ಸಂಸ್ಥೆಗಳ ನಡುವೆ ಹೊಣೆಯ ಹಂಚಿಕೆ ಹೇಗಿದೆ? ಬ್ಯಾಂಕಿನಂತೆ ಭದ್ರತಾ ಯಂತ್ರದಲ್ಲಿ ಕೀಲಿಯಿದೆ ಎಂಬ ಪ್ರಚಾರದ ಮಾತು ಈ ಪ್ರಶ್ನೆಗಳಿಗೆ ಉತ್ತರವಾಗುವುದಿಲ್ಲ. ಬ್ಯಾಂಕ್ ಠೇವಣಿಗೆ ಇರುವ ವಿಮೆಯ ರಕ್ಷಣೆ ಇಂತಹ ಆಸ್ತಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನದಲ್ಲಿರಿಸಬೇಕು.

ತಂತ್ರಾಂಶ ಕ್ಷೇತ್ರದಲ್ಲಿ ಉದ್ಯೋಗದಲ್ಲಿರುವವರು ಮತ್ತೊಂದು ವಿಷಯವನ್ನು ಅರಿಯುವುದು ಒಳ್ಳೆಯದು. ಉದ್ಯೋಗದ ಆಮಿಷವೊಡ್ಡಿ, ಪರೀಕ್ಷೆಯ ನೆಪದಲ್ಲಿ ತಂತ್ರಾಂಶವೊಂದನ್ನು ಕಂಪ್ಯೂಟರಿನಲ್ಲಿ ಚಾಲನೆ ಮಾಡಿಸುವುದು ಇಂತಹ ದಾಳಿಗಳ ಪರಿಚಿತ ಮಾರ್ಗವಾಗಿದೆ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ಕೆಲಸ ಮಾಡುವುದರಿಂದ ಉದ್ಯೋಗಿಯು ತನಗರಿವಿಲ್ಲದೆಯೇ ಸಂಸ್ಥೆಯ ಕೀಲಿಗೆ ದಾರಿಯಾಗಬಹುದು. ಕ್ಲೌಡ್‌ಗೆ ಪ್ರವೇಶವುಳ್ಳ ಕಿರಿಯ ತಂತ್ರಜ್ಞರೂ ಈ ಅರ್ಥದಲ್ಲಿ ಖಜಾನೆಯ ಕಾವಲುಗಾರರೇ ಆಗಿರುತ್ತಾರೆ.

ವಂಚನೆಗೆ ಒಳಗಾದವರು ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬಹುದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ವಹಿವಾಟಿನ ಗುರುತು ಸಂಖ್ಯೆ, ವಿಳಾಸಗಳು ಹಾಗೂ ಸಮಯವನ್ನು ಬರೆದಿಟ್ಟುಕೊಂಡಿದ್ದರೆ ತನಿಖೆಗೆ ಅನುಕೂಲವಾಗುತ್ತದೆ.

ಉಪಸಂಹಾರ

ಕೀಲಿಯನ್ನು ಕ್ಲೌಡ್ ಸೇವೆಯ ಭದ್ರತಾ ಯಂತ್ರದಲ್ಲಿ ಇರಿಸುವುದು ಸರ್ವರ್‌ನ ಕಡತದಲ್ಲಿ ಇರಿಸುವುದಕ್ಕಿಂತ ನಿಶ್ಚಯವಾಗಿಯೂ ಮೇಲು. ಆದರೆ ಅದು ಭದ್ರತೆಯ ಆರಂಭವೇ ಹೊರತು ಮುಕ್ತಾಯವಲ್ಲ. ಯಂತ್ರವು ಕೀಲಿಯನ್ನು ಕಾಯುತ್ತದೆ. ಸಹಿಯ ವಿಷಯವನ್ನು ಕಾಯುವ ಹೊಣೆ ಸಂಸ್ಥೆಯ ಮೇಲೆಯೇ ಉಳಿಯುತ್ತದೆ. ಸಹಿ ಮಾಡಿಸಿಕೊಳ್ಳಲು ಯಾರಿಗೆ ಅನುಮತಿ ಇದೆ, ಸಹಿಯಾಗುತ್ತಿರುವುದು ಏನೆಂದು ಓದುವವರು ಯಾರು, ತಪ್ಪಾದಾಗ ತಡೆಯುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಹೊಂದಿರುವ ಸಂಸ್ಥೆಯು ಮಾತ್ರ ಇತರರ ಆಸ್ತಿಯನ್ನೋ ದಾಖಲೆಯನ್ನೋ ಕಾಪಾಡುವ ಹೊಣೆ ಹೊರಲು ಅರ್ಹವೆನಿಸುತ್ತದೆ.